ಡೆಲ್ಮರ್ ಊದಿದ ಕೋವಿ

ನಗೋದಾದರೆ ಈಗಲೇ ನಕ್ಕುಬಿಡಿ. ಆಮೇಲೆ ನಗಬೇಡಿ. ಇದು ನಮ್ಮ ಡೆಲ್ಮರ್‌ಗೆ ಆದದ್ದು, ನನ್ನ ಸ್ವಂತ ದೊಡ್ಡಪ್ಪನ ಮಗ. ಟೆನೆಸಿಯ ಈ ಕಣಿವೆಯಲ್ಲಿ ಯಾರ ಅಟ್ಟದಲ್ಲಿ ಹಳೇ ಕೋವಿ ಸಿಕ್ಕರೂ ರಿಪೇರಿಗೆ ಅವನ ಹತ್ತಿರವೇ ಹೋಗಬೇಕು.

ಆ ಸಂಜೆ ಅವನು ಗುಡ್ಡದಾಚೆಯ ಮುದುಕಿ ಪ್ರಫಿಟ್ ಮನೆಯಿಂದ ಒಂದು ಉದ್ದ ನಳಿಗೆಯ ಕೋವಿ ಹೊತ್ತು ಬರುತ್ತಿದ್ದ. ಅವಳ ಗಂಡನ ಮುತ್ತಜ್ಜನ ಕಾಲದ್ದು. ಕತ್ತಲಾಗಿತ್ತು. ಪಾಳು ಬಾವಿಯ ಹತ್ತಿರ ಭುಜ ಬದಲಿಸಲು ಕೋವಿ ಇಳಿಸಿದ. ನಳಿಗೆಯೊಳಗಿಂದ... ಸುಯ್... ಯಾರೋ ಉಸಿರೆಳೆದುಕೊಂಡ ಹಾಗಾಯಿತು.

ಗಾಳಿ ಇರಬೇಕು ಅಂದುಕೊಂಡ. ಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಮನೆಗೆ ಬಂದವನೇ ಹಳೇ ಕೋವಿ ಮುಟ್ಟುವ ನಾವೆಲ್ಲ ಮೊದಲು ಮಾಡುವುದನ್ನೇ ಮಾಡಿದ. ಗುಂಡು ಗಿಡಿಯುವ ಕಡ್ಡಿಯನ್ನು ನಳಿಗೆಯೊಳಗೆ ಬಿಟ್ಟು, ನಳಿಗೆಯ ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆದ. ಹಳೇ ಕೋವಿಗಳಲ್ಲಿ ಮದ್ದುಗುಂಡು ಹಾಗೇ ಉಳಿದಿರುವುದುಂಟು. ಇದರಲ್ಲಿ ಕಡ್ಡಿ ತಳ ಮುಟ್ಟಿತ್ತು. ಕೋವಿ ಖಾಲಿ.

ಚಳಿಗಾಲವೆಲ್ಲ ಅದರ ಮುಂದೆಯೇ ಕೂತ. ತುಕ್ಕು ಬಿಡಿಸಿದ, ಆದರೆ ಫಳಫಳ ಮಾಡಲಿಲ್ಲ. ಮುದುಕರ ಮುಖ ಕೆರೆದು ಹುಡುಗರನ್ನು ಮಾಡಬಾರದು ಅನ್ನುತ್ತಿದ್ದ. ಮೇಪಲ್ ಮರದ ಹಿಡಿಗೆ ಅಂಗೈಯಿಂದಲೇ ಅಗಸೆ ಎಣ್ಣೆ ತಿಕ್ಕಿದ. ಮರದೊಳಗಿನ ಪಟ್ಟೆಗಳು ನಿಧಾನವಾಗಿ ಮೇಲೆದ್ದವು. ನೋಡಿ ನನಗೇ ಹೊಟ್ಟೆಕಿಚ್ಚಾಯಿತು.

"ನನ್ ಬೆನ್ನಿಗೆ ಇಷ್ಟು ಎಣ್ಣೆ ತಿಕ್ಕಿದ್ರೆ ನಾನೂ ಹಿಂಗೇ ಹೊಳೀತಿದ್ದೆ" ಅಂದಳು ಅವನ ಹೆಂಡತಿ ಓಪಲ್.

ಕೆಲಸ ಮುಗಿದ ರಾತ್ರಿ... ಕೋವಿಯನ್ನು ನೆಲಕ್ಕೆ ಊರಿ, ಕಿಡಿ ಒಳಗೆ ಹೋಗುವ ಪಕ್ಕದ ಕಿಂಡಿ ಕಟ್ಟಿದೆಯಾ ನೋಡಲು ನಳಿಗೆಗೆ ಬಾಯಿಟ್ಟು ಊದಿದ. ನಮ್ಮವರ ಹಾಳು ಅಭ್ಯಾಸ ಅದು, ಎಷ್ಟು ಬೈದರೂ ಬಿಡುವುದಿಲ್ಲ. ಕಿಂಡಿಯಿಂದ ಫುಸ್ಸ್ ಅಂತ ಗಾಳಿ ಬಂತು. ಸರಿಯಾಗಿದೆ.

ಆಮೇಲೆ... ಒಳಗಿಂದ ಅದು ಎಳೆಯಿತು.

ತುಟಿ ಅಂಟಿಕೊಂಡಿತು. ತಲೆ ಹಿಂದಕ್ಕೆ ಬರಲಿಲ್ಲ. ಎರಡೂ ಕೈಯಿಂದ ದೂಡಿದ. ಕೋವಿ ನೆಲಕ್ಕೆ ಹೂತಂತೆ ನಿಂತಿತ್ತು. ಅವನ ಎದೆಯ ಉಸಿರು ಕೆಳಗಿಳಿಯುತ್ತಲೇ ಇತ್ತು. ನಳಿಗೆಯೊಳಗೆ ಜರ್ರ್... ಅಂತ ಏನೋ ಜಾರಿತು. ತಳದಲ್ಲಿ ತಪ್ ಅಂತ ಕೂತಿತು. ಗುಂಡು ಕೂರುವ ಸದ್ದು ಅವನಿಗೆ ಗೊತ್ತಿಲ್ಲವೇ?

ಕಾಫಿ ತಂದ ಓಪಲ್ ಬಾಗಿಲಲ್ಲೇ ನಿಂತಳು. "ಥೂ, ಅದಕ್ಕೆ ಮುತ್ತು ಬೇರೆ ಕೊಡ್ತಿದೀಯಾ?"

ಅವನ ಕಣ್ಣಲ್ಲಿ ನೀರು. ಕಣ್ಣಲ್ಲೇ ಕೆಳಗೆ ತೋರಿಸಿದ.

ಚಕಮಕಿ ಕಲ್ಲು ಕಚ್ಚಿಕೊಂಡ ಕೋವಿಯ ಕುದುರೆ, ಅಂದರೆ ಕಿಡಿಗೆ ಬಡಿಯುವ ಕೊಕ್ಕೆ, ತಾನಾಗೇ ಹಿಂದಕ್ಕೆ ಹೋಗುತ್ತಿತ್ತು. ಟಿಕ್... ಟಕ್. ಇನ್ನು ಅದು ಬಿದ್ದರೆ ಕಿಡಿ ಹಾರುತ್ತದೆ, ಗುಂಡು ಅವನ ಬಾಯೊಳಗೇ ಸಿಡಿಯುತ್ತದೆ.

"ಅಲ್ಲಾಡ್ಬೇಡ..." ಓಪಲ್ ಪಿಸುಗುಟ್ಟಿದಳು. ಮೊಣಕಾಲೂರಿ, ಕಲ್ಲಿಗೂ ಅದು ಬಡಿಯುವ ಉಕ್ಕಿಗೂ ನಡುವೆ ತನ್ನ ಹೆಬ್ಬೆರಳು ತೂರಿಸಿದಳು.

ಕಟ್!

ಕಲ್ಲು ಉಗುರನ್ನು ಸೀಳಿತು. ಅವಳು ಬೆರಳು ತೆಗೆಯಲಿಲ್ಲ. ಎಂಥ ಹೆಂಗಸು ಅದು! ನಳಿಗೆಯಿಂದ ಉದ್ದನೆಯ ಉಸಿರೊಂದು ಹೊರಬಿತ್ತು... ಡೆಲ್ಮರ್ ಹಿಂದಕ್ಕೆ ಬಿದ್ದ.

"ಖಾಲಿ ಅಂದಿದ್ಯಲ್ಲೋ..."

"ಖಾಲೀನೇ ಇತ್ತು ಕಣೇ... ನಾನೇ ಅಳ್ದಿದ್ದೆ."

ಆಗಲೇ ನನಗೆ ಫೋನ್ ಮಾಡಿದರು. ನಾನು ಹೋಗಿ ಕಡ್ಡಿ ಬಿಟ್ಟೆ. ತಳ ಮುಟ್ಟುವ ಮೊದಲೇ ನಿಂತಿತು. ಕಿಂಡಿಯಲ್ಲಿ ಎಣ್ಣೆ ಬಿಟ್ಟು ಮದ್ದು ನೆನೆಸಿ, ತುದಿಯಲ್ಲಿ ತಿರುಪಿರುವ ಕಡ್ಡಿ ಹಾಕಿ ಗುಂಡನ್ನು ಎಳೆದೆ. ಗುಂಡಿಗೆ ಯಾವಾಗಲೂ ಒಂದು ಬಟ್ಟೆಚೂರು ಸುತ್ತಿರುತ್ತಾರೆ. ಇದಕ್ಕೂ ಇತ್ತು. ದುಂಡಗೆ ಕತ್ತರಿಸಿದ್ದು, ನೀಲಿ ಚೌಕಳಿ.

ಓಪಲ್ ಅದನ್ನು ನೋಡಿದಳು. ಗಂಡನ ಭುಜ ಹಿಡಿದು ತಿರುಗಿಸಿದಳು.

ಅವನು ತೊಟ್ಟಿದ್ದ ಅದೇ ನೀಲಿ ಚೌಕಳಿಯ ಅಂಗಿಯ ಬೆನ್ನಲ್ಲಿ ದುಂಡಗಿನ ತೂತಿತ್ತು. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಚೂರನ್ನು ಅಲ್ಲಿಟ್ಟು ನೋಡಿದ್ದು ಇದೇ ಕೈ. ಗೆರೆಗೆ ಗೆರೆ ಕೂಡಿತು.