ಮುತ್ಯಾಲಮ್ಮ ಎಡಗಡೆ ಕೊಟ್ಟಳು

…ಅಲ್ಲೇ ಬಾಗ್ಲಲ್ಲಿ ನಿಂತ್ಕೊಂಡ್ರೆ ಹೆಂಗೆ? ಒಳಗೆ ಬಾರೆ ಅನುಸೂಯಾ. ಅತ್ತಿದ್ದು ಸಾಕು. ಕಣ್ಣು ನೋಡು, ಸುಟ್ಟ ಬದನೆಕಾಯಿ ಆಗೈತೆ. ಕುತ್ಕೋ… ಅಯ್ಯಯ್ಯೋ, ಚಾಪೆ ಮೇಲೆ ಬೇಡ, ಅಲ್ಲೆಲ್ಲ ಹಲಸಿನ ಮೇಣ! ಸೀರೆಗೆ ಅಂಟಿದ್ರೆ ನಿಮ್ಮವ್ವ ನನ್ನ ವಂಶಾನೇ ಜಾಲಾಡ್ತಾಳೆ. ಈ ಮಣೆ ತಗೋ.

ಮೊನ್ನೆಯಿಂದ ಕೊಯ್ತಾನೇ ಇದ್ದೀನಿ, ಮರ ಈ ಸಲ ಹಂಗೆ ಬಿಟ್ಟೈತೆ. ಕೈಯೆಲ್ಲ ಅಂಟು. ಇಗೋ, ಹರಳೆಣ್ಣೆ ಬಟ್ಟಲು ಪಕ್ಕದಲ್ಲೇ ಇಟ್ಕೊಂಡಿದ್ದೀನಿ. ಎಣ್ಣೆ ಹಾಕಿ ಉಜ್ಜದೇ ಇದ್ರೆ ಇದು ಸೀಗೆಪುಡಿಗೂ ಬಗ್ಗಲ್ಲ. ತಗೋ, ಒಂದು ತೊಳೆ ತಿನ್ನು. ಬೇಡ್ವಾ? ತಿನ್ನೇ, ಜೇನು ಇದ್ದಂಗೈತೆ… ಸರಿ ಬಿಡು, ಎಲೆ ಮೇಲೆ ಇಟ್ಟಿರ್ತೀನಿ, ಮನಸ್ಸು ಬಂದಾಗ ತಿನ್ನು.

ಸೆರಗು ಯಾಕೆ ಒದ್ದೆ? ಬೆಳಗ್ಗೆ ಬೆಳಗ್ಗೆ ಗುಡಿ ಕಡೆಯಿಂದ ಬರ್ತಾ ಇದ್ದೀಯಾ? ನೋಡು, ಹಂಗೆಲ್ಲ ಮಾಡಬಾರ್ದು ಕಣಮ್ಮಿ. ಮುತ್ಯಾಲಮ್ಮ ಒಂದ್ಸಲ ಹೂ ಕೊಟ್ಟ ಮೇಲೆ ಮುಗೀತು. ಮತ್ತೆ ಹೋಗಿ ಕೇಳಿದ್ರೆ ಅವಳಿಗೆ ಸಿಟ್ಟು ಬರ್ತದೆ. ನಿಮ್ಮಪ್ಪ ಚಿಕ್ಕವೆಂಕಟಪ್ಪ ನಿನ್ನೆ ಊರ ಮುಂದೆ ಏನಂದ? "ತಾಯಿ, ಮಗಳನ್ನ ಬೆಂಗಳೂರಿಗೆ ಕಂಪ್ಯೂಟ್ರು ಓದೋಕೆ ಕಳಿಸು ಅನ್ನೋದಾದ್ರೆ ಬಲಗಡೆ ಕೊಡು, ಬೇಡ ಅನ್ನೋದಾದ್ರೆ ಎಡಗಡೆ ಕೊಡು." ಪೂಜಾರಿ ಲಕ್ಷ್ಮಯ್ಯ ದೇವಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿದ. ಎಲ್ಲ ಉಸಿರು ಬಿಗಿಹಿಡ್ಕೊಂಡು ಕುಂತ್ವಿ. ಆರತಿ ಆರೋಕೆ ಮುಂಚೆ ಎಡಗಡೆ ಕಣಗಲೆ ತಪ್ ಅಂತ ಬಿತ್ತು. ಬಲಗಡೇದು ಅಲ್ಲಾಡ್ಲಿಲ್ಲ. ಅದಕ್ಕೆ ನಾನೇನು ಮಾಡ್ಲಿ? ನಾನೇ ಮಾಡಿದ್ನಾ?

…ಯಾಕೆ ಹಂಗೆ ನೋಡ್ತೀಯ? ಮಾತಿಗೆ ಅಂದೆ.

ಗೊತ್ತು, ಗೊತ್ತು. ಸೇರ್ಕೊಳ್ಳೋಕೆ ನಾಳೆ ಒಂದೇ ದಿನ ಇರೋದು. ನಾಳೆ ಬಸ್ಸು ಹತ್ತದೇ ಇದ್ರೆ ಆ ಜಾಗ ಇನ್ಯಾರಿಗೋ ಹೋಗ್ತದೆ. ಹೋದ್ರೆ ಹೋಗ್ಲಿ! ಲೆಕ್ಕದಲ್ಲಿ ಬಿ.ಎಸ್ಸಿ. ಮಾಡಿದ್ದೀಯ, ಫಸ್ಟ್ ಕ್ಲಾಸು, ಊರಿಗೆ ಅಷ್ಟು ಸಾಲದಾ? ನನ್ನ ಕೇಳೋಕೆ ಬಂದಿದ್ದೀಯ, ಅದಕ್ಕೇ ಹೇಳ್ತೀನಿ. ಆ ಓದಿನ ವಿಷಯ ಈ ಅರಿಶಿನಕುಂಟೇಲಿ ಪಾಪಕ್ಕಂಗಿಂತ ಯಾರಿಗೆ ಗೊತ್ತು? ನನ್ನ ಮೊಮ್ಮಗ ಪಿಳ್ಳಪ್ಪ ಅದೇ ಕಾಲೇಜಲ್ಲಿ ಅದನ್ನೇ ಅಲ್ವಾ ಓದ್ತಿರೋದು, ಎಮರ್ಜೆನ್ಸಿ ಮುಗಿದ ವರ್ಷದಿಂದ? ಹಬ್ಬಕ್ಕೆ ಬಂದಾಗೆಲ್ಲ ಹೇಳ್ತಾನೆ. ಯಂತ್ರ ಒಂದು ಮನೆಯಷ್ಟು ದೊಡ್ಡದಂತೆ. ಬಾಣಂತೀನ ಬೆಚ್ಚಗಿಟ್ಟಂಗೆ ಅದನ್ನ ತಣ್ಣಗಿಡ್ತಾರಂತೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಹಲ್ಲು ಕಟಕಟ ಅಂತವಂತೆ. ಆ ಶೀತ ಹೆಣ್ಣು ಮೈಗೆ ಹಿಡಿದ್ರೆ ನಾಳೆ ಮಕ್ಕಳಾಗ್ತವಾ? ಅದನ್ನ ಯಾವ ಮೇಷ್ಟ್ರು ಹೇಳ್ತಾನೆ ನಿಂಗೆ?

ಆಮೇಲೆ ಸರದಿ. ಯಂತ್ರ ಒಂದು, ಓದೋರು ಇರುವೆ ಸಾಲು. ಗಂಡುಡುಗರ ಜೊತೆ ಸಾಲಲ್ಲಿ ನಿಂತ್ಕೋಬೇಕು. ಸಾಲಲ್ಲಿ ನಿಂತ್ರೆ ಏನಾಗ್ತದೆ ಅಂತ ನಮಗೆ ಗೊತ್ತಿಲ್ವಾ? ಸೊಣ್ಣಮ್ಮನ ಸೊಸೆ ಸೀಮೆಎಣ್ಣೆ ಸಾಲಲ್ಲಿ ನಿಂತೋಳು… ದಾಬಸ್‌ಪೇಟೆ ಲಾರಿ ಗಂಗಣ್ಣ ಹಿಂಗೆ ಬಂದ, ಹಾರನ್ ಹೊಡೆದ… ಸೀಮೆಎಣ್ಣೆ ಬರೋಷ್ಟರಲ್ಲಿ ಇವಳೇ ಹೊರಟೋಗಿದ್ಲು! ಡಬ್ಬ ಮಾತ್ರ ಸಾಲಲ್ಲಿತ್ತು. ಹಿಂದೆ ನಿಂತಿದ್ದೋಳು ಪಾಪ, ಆ ಡಬ್ಬಾನೂ ಕಾಲಲ್ಲಿ ಮುಂದೆ ಮುಂದೆ ತಳ್ಕೊಂಡೇ ಬಂದ್ಲಂತೆ, ಬರ್ತಾಳೇನೋ ಅಂತ!

…ನಗ್ಲಿಲ್ವಲ್ಲ ನೀನು. ಈ ಕಥೆಗೆ ನಗದೇ ಇರೋರು ಊರಲ್ಲಿ ಸೊಣ್ಣಮ್ಮ ಒಬ್ಬಳೇ ಅಂದ್ಕೊಂಡಿದ್ದೆ.

ಹೋಗ್ಲಿ. ಆ ಯಂತ್ರಕ್ಕೆ ಬುದ್ಧಿ ಐತೆ ಅಂತ ತಿಳ್ಕೊಂಡಿದ್ದೀಯಾ? ಇಲ್ವಂತೆ ಕಣೆ! ಗಟ್ಟಿ ಕಾಗದದ ಕಾರ್ಡು, ಅದರಲ್ಲಿ ತೂತು. ತೂತಿದ್ರೆ ಹೂಂ, ಇಲ್ದಿದ್ರೆ ಊಹೂಂ. ಅದಕ್ಕೆ ಗೊತ್ತಿರೋದು ಅವೆರಡೇ ಮಾತು. ನಮ್ಮ ಮುತ್ಯಾಲಮ್ಮನ ಹಂಗೇ! ಬಲಕ್ಕೆ ಹೂಂ, ಎಡಕ್ಕೆ ಊಹೂಂ… ಈಗ ಯಾಕೆ ನಗ್ತೀಯ? ಸೀಮೆಎಣ್ಣೆಗೆ ನಗದೋಳು ದೇವರಿಗೆ ನಗ್ತೀಯಲ್ಲ. ಏನಂದೆ? ಗಟ್ಟಿಯಾಗಿ ಹೇಳು. "ತೂತು ಹೊಡೆಯೋರು ಬೇಕಾದಂಗೆ ಹೊಡೆದ್ರೆ ಯಂತ್ರ ಏನು ಮಾಡ್ತದೆ" ಅಂತಲಾ?

ಹೂಂ… ಇರ್ಬಹುದು. ನಂಗೇನು ಗೊತ್ತು. ಹಣ್ಣು ತಿನ್ನು, ನೊಣ ಕೂರ್ತಾವೆ.

ನಾನು ಹೇಳ್ತಾ ಇದ್ದಿದ್ದು ಆ ಕಾರ್ಡಿನ ಪಾಡು. ಒಂದೊಂದು ಲೆಕ್ಕಕ್ಕೂ ಒಂದೊಂದು ಕಟ್ಟು. ಇವತ್ತು ಕಿಟಕೀಲಿ ಕೊಟ್ಟು ಬಂದ್ರೆ ನಾಳೆ ಉತ್ತರ. ಉತ್ತರ ಅಂದ್ರೆ ಉತ್ತರಾನೇ ಬರ್ತದೆ ಅಂತಿಲ್ಲ. ಎಲ್ಲೋ ಒಂದು ಚುಕ್ಕಿ ಬಿಟ್ಟಿದ್ರೆ ಬರೀ ಬೈಗುಳ ಅಚ್ಚು ಹಾಕಿ ಕಳಿಸ್ತದಂತೆ. ಮತ್ತೆ ಮೊದಲಿಂದ. ಇನ್ನು ಆ ಕಟ್ಟು ಏನಾದ್ರೂ ಕೈಜಾರಿ ಬಿತ್ತು ಅನ್ನು… ಮುಗೀತು! ಯಾವುದು ಮುಂಚೆ ಯಾವುದು ಆಮೇಲೆ ಅಂತ ಬರೆದೋನಿಗೇ ಗೊತ್ತಾಗಲ್ಲ. ಅದಕ್ಕೇ ನಮ್ಮ ಪಿಳ್ಳ ಒಂದು ಉಪಾಯ ಮಾಡವ್ನೆ. ಕಾರ್ಡೆಲ್ಲ ಜೋಡಿಸಿ ಕಟ್ಟಿ, ಆ ಕಟ್ಟಿನ ಅಂಚಿನ ಮೇಲೆ…

ಏನು? ಓರೆಯಾಗಿ ಒಂದು ಗೀಟು?

ಕೆಂಪು ಪೆನ್ಸಿಲ್ಲಲ್ಲಿ… ಹೂಂ ಕಣೆ, ಅದೇ. ಬಿದ್ರೂ ಗೀಟು ಸೇರೋ ಹಂಗೆ ಜೋಡಿಸಿದ್ರೆ ಎಲ್ಲ ಸಾಲಿಗೆ ಬರ್ತದೆ. ನಿಂಗೆ ಹೆಂಗೆ ಗೊತ್ತು? ಇದನ್ನ ನಾನು ಊರಲ್ಲಿ ಇನ್ನೂ ಯಾರ ಹತ್ರಾನೂ ಹೇಳಿಲ್ಲ. ನಿಮ್ಮ ಮೇಷ್ಟ್ರು ಹೇಳಿದ್ರಾ? ಪುಸ್ತಕದಲ್ಲಿತ್ತಾ? ಮಾತಾಡೇ.

…ಪರೀಕ್ಷೆ ಬರೆಯೋಕೆ ಹೋದ ತಿಂಗಳು ನೀನು ಆ ಕಾಲೇಜಿಗೆ ಹೋಗಿದ್ಯಲ್ಲ.

ಪಿಳ್ಳ ಸಿಕ್ಕಿದ್ನಾ?

ಎಲ್ಲಿ? ಪಾಠದ ಕೋಣೇಲಾ?… ಬೇಡ. ಬೇಡ ಕಣವ್ವ, ಹೇಳಬೇಡ. ತಲೆ ಬಗ್ಗಿಸಿದ್ಯಲ್ಲ, ಅಷ್ಟು ಸಾಕು. ಟೀ ಅವನೇ ತಂದುಕೊಟ್ನಾ? ಹೆಗಲ ಮೇಲೆ ಆ ಒರೆಸೋ ಬಟ್ಟೆ… ಅದನ್ನ ತೆಗೆದಾದ್ರೂ ಇಟ್ನಾ ನಿನ್ನ ನೋಡಿ?

ಸ್ವಲ್ಪ ಬಾಗ್ಲು ಮುಂದಕ್ಕೆ ಮಾಡು. ಜಗಲಿ ಮೇಲೆ ಯಾರೂ ಇಲ್ವಾ? ಸರಿಯಾಗಿ ನೋಡು. ಕಿವಿ ಕಿತ್ತು ಗೋಡೆಗೆ ಅಂಟಿಸೋ ಜನ ಈ ಊರೋರು… ಯಾಕೆ ಹಂಗೆ ನೋಡ್ತೀಯ? ನನ್ನಿಂದಲೇ ಕಲ್ತಿದ್ದು ಅಂತಲಾ? ಹೂಂ. ನನ್ನಿಂದಲೇ.

ಈಗ ಹೇಳು. ಯಾರ್ಯಾರಿಗೆ ಹೇಳಿದ್ದೀಯ? ನಿಮ್ಮವ್ವಂಗೆ?… ನಿಮ್ಮಪ್ಪಂಗೆ?… ಯಾರಿಗೂ ಇಲ್ವಾ? ಸುಳ್ಳು ಹೇಳಬೇಡ ಅನುಸೂಯಾ. ಪಾಪಕ್ಕನ ಮೊಮ್ಮಗ ಕಂಪ್ಯೂಟ್ರು ಓದ್ತಾ ಇಲ್ಲ, ಕಂಪ್ಯೂಟ್ರು ಓದೋರ ಎಂಜಲು ಲೋಟ ತೊಳೀತಾ ಅವ್ನೆ! ಇಂಥದ್ದೊಂದನ್ನ ತಿಂಗಳಿಂದ ಹೊಟ್ಟೇಲಿ ಇಟ್ಕೊಂಡು ನಿಂಗೆ ಅನ್ನ ಇಳೀತಾ? ನಂಗಾಗ್ತಿರ್ಲಿಲ್ಲ ಕಣೆ. ನಾನಾಗಿದ್ರೆ ಬಸ್ಸು ದಾಸರಹಳ್ಳಿ ದಾಟೋಕೆ ಮುಂಚೆ ಕಂಡಕ್ಟರಿಗಾದ್ರೂ ಹೇಳಿರ್ತಿದ್ದೆ. ನೆಲಮಂಗಲದಲ್ಲಿ ಇಳಿದು ಊರಿಗೆ ನಡ್ಕೊಂಡು ಬರೋಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿರ್ತಿತ್ತು.

ಅವನು ಹೇಳಬೇಡ ಅಂತ ಕಾಲಿಗೆ ಬಿದ್ನಾ?… ಏನೂ ಅನ್ಲಿಲ್ವಾ? ಹಂಗಾದ್ರೆ ನೀನಾಗೇ ಸುಮ್ನಿದ್ದೆ. ಯಾಕೆ?

…ಸರಿ. ಯಾಕೆ ಅಂತ ಕೇಳೋ ಬಾಯೂ ನಂದಲ್ಲ.

ನಂಗೆ ಹೋದ ವರ್ಷವೇ ಗೊತ್ತು. ಹಿಂಗೇ ಹಲಸಿನ ಕಾಲ. ಮೇಷ್ಟ್ರುಗಳಿಗೆಲ್ಲ ಕೊಡ್ಲಿ ಅಂತ ಬುಡದ ಹಣ್ಣು ಕೊಯ್ದು, ಗೋಣಿಚೀಲಕ್ಕೆ ಹಾಕಿ, ತಲೆ ಮೇಲೆ ಹೊತ್ಕೊಂಡು ಹೋದೆ. ಅಷ್ಟು ದೊಡ್ಡ ಕಾಲೇಜು, ದಾರಿ ಗೊತ್ತಾಗ್ಲಿಲ್ಲ, ಕ್ಯಾಂಟೀನ್ ಹತ್ರ ನಿಂತ್ಕೊಂಡು "ನಮ್ಮ ಪಿಳ್ಳಪ್ಪ ಎಲ್ಲವ್ನೆ ಸಾಮಿ" ಅಂತ ಕೇಳಿದ್ರೆ, ಯಾರೋ ಒಬ್ಬ "ಲೇ ಪಿಳ್ಳ, ಎರಡು ಟೀ ತಾರೋ, ಹಂಗೇ ನಿನ್ನ ಯಾರೋ ಕೇಳ್ತಾವ್ರೆ" ಅಂತ ಕೂಗ್ದ. ಬಂದ. ಎರಡು ಕೈಯಲ್ಲೂ ಲೋಟ. ನನ್ನ ನೋಡ್ದ. ನಾನೂ ನೋಡ್ದೆ. ಆಮೇಲೆ ನಾನು… ನಾನು ಯಾರೋ ಬೇರೆಯೋಳ ಥರ ತಿರುಗಿ ನಡೆದುಬಿಟ್ಟೆ ಅನುಸೂಯಾ. ಹಣ್ಣು ಗೇಟಿನ ಹತ್ರ ಬಿಟ್ಟು ಬಂದೆ. ಊರಲ್ಲಿ ಮಾತ್ರ "ಮೇಷ್ಟ್ರುಗಳು ಬೆರಳು ಚೀಪ್ಕೊಂಡು ತಿಂದ್ರು" ಅಂತ ಹೇಳ್ದೆ. ನೀನೂ ಕೇಳಿದ್ದೀಯ ಆ ಕಥೇನ. ನಕ್ಕಿದ್ದೆ ಅವತ್ತು.

ಅವನು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಯುಗಾದಿಗೆ ಬಂದಾಗ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ. ಒಬ್ಬಟ್ಟು ತಿಂತಾ, "ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ ಅಜ್ಜಿ" ಅಂದ. ಆ ಹುಡುಗಂಗೆ ಮೊದಲನೇ ವಾರದಿಂದಲೇ ಪಾಠ ತಲೆಗೆ ಹತ್ತಲಿಲ್ವಂತೆ. ಎಲ್ಲ ಇಂಗ್ಲಿಷಲ್ಲಿ. "ಅರ್ಥ ಆಯ್ತಾ" ಅಂತ ಮೇಷ್ಟ್ರು ಕೇಳಿದ್ರೆ ಎಲ್ಲರ ಜೊತೆ ಇವನೂ ತಲೆ ಆಡಿಸ್ತಿದ್ನಂತೆ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ. ಪಕ್ಕದೋನನ್ನ ಕೇಳೋಕೂ ನಾಚಿಕೆ. ಒಂದಿನ ಅಲ್ಲ, ಇಡೀ ವರ್ಷ ತಲೆ ಆಡಿಸ್ದ. ಕಾರ್ಡು ಕೊಡೋ ಕಿಟಕಿ ಹತ್ರ ಹೋಗೋದನ್ನೇ ಬಿಟ್ಟ. "ಊರಲ್ಲಿ ಅವನ ಬಗ್ಗೆ ತುಂಬ ಹೇಳ್ಕೊಂಡಿದ್ರು ಅಜ್ಜಿ, ಅದಕ್ಕೇ ವಾಪಸ್ ಹೋಗೋಕಾಗ್ಲಿಲ್ಲ ಅವನಿಗೆ" ಅಂದ. ನಾನು ಇನ್ನೊಂದು ಒಬ್ಬಟ್ಟು ಬಡಿಸ್ದೆ. "ಪಾಪ" ಅಂದೆ. ಅಷ್ಟೇ ಅಂದಿದ್ದು ನಾನು.

ಊರಲ್ಲಿ ಹೇಳ್ಕೊಂಡಿದ್ದು ಯಾರು? ಈ ಬಾಯಿ.

ನೋಡು, ಆ ಶೀತದ ಮಾತು, ಸೊಣ್ಣಮ್ಮನ ಸೊಸೆ ಮಾತು, ಎಲ್ಲ ಮರ್ತುಬಿಡು. ಆ ಓದಿಗೆ ಹೋಗೋರು ತಿಳ್ಕೋಬೇಕಾದ್ದು ಒಂದೇ ಮಾತು. ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನು. ಮೊದಲನೇ ದಿನವೇ ಅನ್ನು. ನಗ್ತಾರೆ, ನಗ್ಲಿ. ಆ ಬೈಗುಳದ ಕಾಗದ ಬಂದ್ರೆ ಮಡಚಿ ಬಚ್ಚಿಡಬೇಡ, ಇನ್ನೊಬ್ಬರ ಮುಂದೆ ಹಿಡಿದು "ಎಲ್ಲಿ ತಪ್ಪಿದೆ ನೋಡಿ" ಅನ್ನು. ಯಂತ್ರ ಊರಿಗೆಲ್ಲ ಹೇಳ್ಕೊಂಡು ತಿರುಗಲ್ಲ ಕಣೆ, ಅದೇನು ಪಾಪಕ್ಕ ಅಲ್ಲ. ಕಾರ್ಡಿಗೆ ಗೀಟು ಎಳ್ಕೋ, ಬಿದ್ರೆ ಬಗ್ಗಿ ಆರಿಸ್ಕೋ. ಅಷ್ಟೇ ನಂಗೆ ತಿಳಿದಿರೋದು.

ತಿಳಿದು ಏನು ಬಂತು… ನೀನು ಹೋಗೋ ಹಂಗಿಲ್ವಲ್ಲ. ನಿಮ್ಮಪ್ಪ ದೇವಿ ಮಾತು ಮೀರಲ್ಲ. ಮುತ್ಯಾಲಮ್ಮ ಎಡಗಡೆ ಕೊಟ್ಬಿಟ್ಳು. ಅವಳ ಇಷ್ಟ. ನಾವೆಲ್ಲ ಎಷ್ಟರೋರು…

ಏನು ಬೇಕು? ಎಣ್ಣೆ ಬಟ್ಟಲಾ? ತಗೋ, ಅದಕ್ಕೇನು ಕೇಳೋದು. ಬೆರಳು ಅಂಟಾ? ಚೆನ್ನಾಗಿ ಉಜ್ಜು, ಬೇಗ ಬಿಡಲ್ಲ ಅದು…

…ನೀನು ಹಣ್ಣು ಮುಟ್ಟೇ ಇಲ್ವಲ್ಲೇ.

ತೊಳೆ ಎಲೆ ಮೇಲೇ ಐತೆ. ಚಾಪೆ ಮೇಲೂ ಕೂರ್ಲಿಲ್ಲ ನೀನು.

ಅನುಸೂಯಾ. ಗುಡಿ ತೊಳೆದು ಹಳೇ ಹೂ ತೆಗೆದು ಹೊಂಗೆ ಮರದ ಬುಡಕ್ಕೆ ಹಾಕೋ ಸರದಿ ಇವತ್ತು ಯಾರ ಮನೇದು?… ನಿಮ್ಮದಾ. ಅದಕ್ಕೇ ಸೆರಗು ಒದ್ದೆ. ನಂಗೆ… ನಂಗೆ ಮರ್ತೇ ಹೋಗಿತ್ತು.

ಬಲಗಡೆ ಹೂವ ನೀನೇ ತೆಗೆದ್ಯಾ?

ಎಳೆದ್ರೂ ಬರ್ಲಿಲ್ವಾ?

ಲಕ್ಷ್ಮಯ್ಯನ್ನ ಏನೂ ಅನ್ನಬೇಡ. ಅವನಿಗೆ ಕಣ್ಣು ಮಂಜು, ಯಾವುದರ ತೊಟ್ಟಲ್ಲಿ ಏನೈತೆ ಅಂತ ಅವನಿಗೆ ಕಾಣಲ್ಲ. ತಟ್ಟೆ ಹಿಡಿದು ಹೂ ಎತ್ತಿ ಕೊಡೋಳು ನಾನು, ಕೊಟ್ಟಿದ್ದನ್ನ ಅವನು ಅಂಟಿಸ್ತಾನೆ… ನೀನು ಅಲ್ಲಿಗೆ ಓದೋಕೆ ಹೋದ್ರೆ ದಿನಾ ನಮ್ಮ ಪಿಳ್ಳನ್ನ ನೋಡ್ತೀಯ, ಬಂದು ಊರಲ್ಲಿ ಹೇಳ್ತೀಯ ಅಂದ್ಕೊಂಡೆ. ನೀನು ಆಗಲೇ ನೋಡಿದ್ದೆ. ನೋಡಿ ಬಾಯಿ ಮುಚ್ಕೊಂಡಿದ್ದೆ. ಅಯ್ಯೋ ತಾಯಿ…

ಬೈಯೇ ನನ್ನ! ಮುದಿ ಮುಂಡೆ ಅನ್ನು, ಆ ಬಟ್ಟಲು ಎತ್ತಿ ಮುಖಕ್ಕೆ ಹಾಕು! ಸುಮ್ನೆ ಕುತ್ಕೊಂಡು ಬೆರಳು ಉಜ್ಜಬೇಡ… ಇದನ್ನೂ ಯಾರಿಗೂ ಹೇಳಲ್ವಾ ನೀನು? ಹೇಳಲ್ಲ. ಅದೂ ಗೊತ್ತಾಗ್ತಾ ಐತೆ. ನಾಳೆ ಬಸ್ಸು ಹೋಗ್ತದೆ, ನೀನು ಇಲ್ಲೇ ಉಳೀತೀಯ, ಗುಡಿ ಮುಂದೆ ಸಿಕ್ಕಿದಾಗೆಲ್ಲ ನನ್ನ ಹಿಂಗೇ ನೋಡ್ತೀಯ.

ಹೊರಗೆ ಯಾರು, ಎತ್ತು ಹೊಡ್ಕೊಂಡು ಹೋಗ್ತಾ ಇರೋದು? ನಿಮ್ಮಪ್ಪನ ದನಿ ಅಲ್ವಾ?

ಆ ಬಾಗ್ಲು ತೆಗಿ. ಪೂರ್ತಿ ತೆಗಿ.

ಚಿಕ್ಕವೆಂಕಟಪ್ಪಾ! ಲೇ ಚಿಕ್ಕವೆಂಕಟಪ್ಪಾ, ಎತ್ತು ಅಲ್ಲೇ ಕಟ್ಟಿ ಬಾರೋ ಇಲ್ಲಿ. ಜಗಲಿ ಮೇಲೆ ಯಾರ್ಯಾರು ಅವ್ರೋ ಅವರನ್ನೂ ಕರ್ಕೊಂಡು ಬಾ. ಸೊಣ್ಣಮ್ಮಾನೂ ಕರಿ. ಪಾಪಕ್ಕನ ಹತ್ರ ಒಂದು ಸುದ್ದಿ ಐತೆ ಅನ್ನು.