ಇವತ್ತು ಎಷ್ಟು ಆಗುತ್ತದೆ?

ಮಾನ್ಯ ಅಧ್ಯಕ್ಷರಾದ ಹೆಡ್‌ಮಾಸ್ತರ ಧೂಳಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಬಬಲೇಶ್ವರದ ಬಂಧುಗಳೇ, ಬಿಸಿಲಲ್ಲಿ ನಿಂತು ಮನಸ್ಸಿನಲ್ಲೇ ನನ್ನನ್ನು ಬೈದುಕೊಂಡ ಮಕ್ಕಳೇ, ಸಭಿಕರೇ,

ಇಪ್ಪತ್ತೊಂಬತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದ ಈ ಮಲಂಗಸಾಬ ಇಂದು ನಿವೃತ್ತನಾಗುತ್ತಿದ್ದಾನೆ. ಶಿಸ್ತು ಮತ್ತು ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ಎರಡು ವರ್ಷದ ಹಿಂದೆ ಕೇಳಿದ್ದರೆ ನಾನೂರು ಹೇಳುತ್ತಿದ್ದೆ. ಈಗ ಒಂದೂ ತೋಚುತ್ತಿಲ್ಲ.

ಎಪ್ಪತ್ತೇಳರಲ್ಲಿ ನಾನು ಒಂದೂವರೆ ತಿಂಗಳು ರಜೆ ಹಾಕಿದ್ದೆ. ಮನೆ ಕಟ್ಟಿಸುತ್ತಿದ್ದೇನೆ ಎಂದಿದ್ದೆ. ಸುಳ್ಳು. ನನ್ನ ಹೆಂಡತಿ ಅಬೇದಾಳಿಗೆ ಕ್ಯಾನ್ಸರಿನ ಗಂಟಾಗಿತ್ತು. ಅದನ್ನು ತೆಗೆದ ಮೇಲೆ ಮಿರಜದಲ್ಲಿ ಐದು ವಾರ ಕರೆಂಟು ಕೊಡಬೇಕೆಂದರು. ಯಂತ್ರದಿಂದ ಬಿಡುವ ಕಿರಣಕ್ಕೆ ನಮ್ಮ ಕಡೆ ಹಾಗೆಯೇ ಅನ್ನುವುದು. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿ ನನ್ನ ತಂಗಿ ಪೀರಾಂಬಿಯ ಮನೆ; ಶನಿವಾರ ಅಥಣಿ ಮೇಲಿನ ಬಸ್ಸು ಹಿಡಿದು ಬಿಜಾಪುರದ ನಮ್ಮ ಮನೆ; ರವಿವಾರ ಮತ್ತೆ ಮಿರಜ.

ಡಾಕ್ಟರು, ಆದಷ್ಟು ನಡೆಯಲಿ, ಕೈ ಎತ್ತಿ ಇಳಿಸಲಿ ಅಂದರು. ಡ್ರಿಲ್ ಮಾಸ್ತರನಿಗೆ ಇಷ್ಟು ಸಾಕಲ್ಲವೇ? ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಆರಕ್ಕೆ ನಡಿಗೆ, ಏಳಕ್ಕೆ ಕೈ, ಹನ್ನೊಂದಕ್ಕೆ ಕರೆಂಟು, ಎರಡಕ್ಕೆ ನಿದ್ದೆ, ಐದಕ್ಕೆ ಮತ್ತೆ ನಡಿಗೆ. ಮೊದಲ ವಾರ ಒಂದು ಮೈಲು, ಎರಡನೆಯ ವಾರ ಒಂದೂವರೆ. ಪೀರಾಂಬಿ ಮಲಗಿಸು ಅನ್ನುತ್ತಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರು ಗಾಳಿ ತಾಗಬಾರದು ಅಂದರೆ, ಇನ್ನೊಬ್ಬರು ಗಾಳಿಯೇ ಔಷಧ ಅನ್ನುತ್ತಿದ್ದರು. ಯಾರನ್ನು ನಂಬಬೇಕು? ನಾನು ಗೋಡೆಯ ಕಾಗದವನ್ನು ನಂಬಿದೆ. ಅವಳು ದಣಿದಷ್ಟೂ ಅಭ್ಯಾಸ ಸಾಲದು ಎಂದುಕೊಂಡೆ. ಅವಳು, ಮಕ್ಕಳೇ, ನಿಮ್ಮ ಹಾಗೆಯೇ ಸುಮ್ಮನೆ ನಡೆದಳು.

ಮೂರನೆಯ ಶನಿವಾರ ಬಸ್ಸು ತಿಕೋಟಾದಲ್ಲಿ ನಿಂತಿತು. ಅದು ಅವಳ ತವರು. ನೋಡಿದರೆ ಪಕ್ಕದಲ್ಲಿ ಅವಳಿಲ್ಲ; ಕೆಳಗಿಳಿದು ನಿಂತಿದ್ದಾಳೆ. ನಾನೂ ಇಳಿದೆ. ತವರುಮನೆ ಇಲ್ಲಿಂದ ಎರಡೇ ಫರ್ಲಾಂಗು, ನಡೆ, ಒಳ್ಳೆಯದು ಅಂದೆ. ಅವಳು ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟಳು.

"ನಾ ನಿಮ್ಮ ಸಾಲಿ ಹುಡುಗಿ ಅಲ್ರಿ," ಅಂದಳು. "ಇವತ್ತ ನಿನಗ ಎಷ್ಟ ಆಗತೈತಿ ಅಂತ ಒಂದ ದಿನಾನೂ ಕೇಳಿಲ್ಲ ನೀವು."

"ಕೇಳಿದ್ರ ನೀ ಆಗೂದಿಲ್ಲ ಅಂದಿ ಅಂದ್ರ, ನಾ ಏನ್ ಮಾಡ್ಲಿ?" ಅಂದೆ.

ಬಾಯಿಂದ ಬಿದ್ದ ಮೇಲೆಯೇ ಅದು ನನಗೂ ಕೇಳಿಸಿದ್ದು. ಆ ಕಾಗದವನ್ನು ನಾನು ಯಾರಿಗಾಗಿ ಬರೆದಿದ್ದೆ? ಕ್ಷಮಿಸಿ, ಇದನ್ನು ಇಲ್ಲಿ ಹೇಳಬೇಕೆಂದುಕೊಂಡಿರಲಿಲ್ಲ.

ಸುದ್ದಿ ತಿಳಿದು ಅತ್ತೆ ಜುಲೇಖಾ ಎತ್ತಿನ ಗಾಡಿ ಕಳಿಸಿದರು. ಎರಡು ಫರ್ಲಾಂಗಿಗೆ ಗಾಡಿ! ಅವಳು ಅದರಲ್ಲಿ ಮಲಗಿ ಹೋದಳು. ಡ್ರಿಲ್ ಮಾಸ್ತರ ಹಿಂದೆ ಹಿಂದೆ ನಡೆದ.

ಮಿರಜಕ್ಕೆ ಮರಳಿ ಕಾಗದ ಹರಿದುಹಾಕಿದೆ. ಬೆಳಿಗ್ಗೆ ಎದ್ದು ಅವಳನ್ನೇ ಕೇಳತೊಡಗಿದೆ. ಒಂದು ದಿನ ಮಸೀದಿಯ ತನಕ ಅನ್ನುವಳು, ಒಂದು ದಿನ ಬಾಗಿಲ ತನಕ. ಬಾಗಿಲ ತನಕ ಹೋಗಿ, ಇಬ್ಬರೂ ಸ್ವಲ್ಪ ಹೊತ್ತು ನಿಂತು, ಒಳಗೆ ಬರುತ್ತಿದ್ದೆವು.

ಎರಡು ವರ್ಷವಾಯಿತು. ಗಂಟು ಮರಳಿಲ್ಲ. ನಡೆಸಿದ್ದರಿಂದ ನೆಟ್ಟಗಾದಳೋ, ನಡೆಸುವುದನ್ನು ಬಿಟ್ಟಿದ್ದರಿಂದಲೋ ಎಂದು ಡಾಕ್ಟರನ್ನು ಕೇಳಿದೆ. ನನಗೂ ಗೊತ್ತಿಲ್ಲ ಮಾಸ್ತರ ಅಂದರು. ಹಾಗಾದರೆ ಇಷ್ಟು ವರ್ಷ ನಿಮ್ಮನ್ನು ಮೈದಾನ ಸುತ್ತಿಸಿದ್ದು ಸರಿಯೇ, ತಪ್ಪೇ? ನಿಜವಾಗಿಯೂ ನನಗೆ ತಿಳಿಯುತ್ತಿಲ್ಲ.

ಇಂದು ಬೆಳಿಗ್ಗೆಯೂ ಕೇಳಿದೆ. "ಬಬಲೇಶ್ವರತನಕ ಆಗತೈತಿ. ಭಾಷಣ ಉದ್ದ ಆದ್ರ ಮಾತ್ರ ನಾ ಎದ್ದ ಹೋಗಾಕಿ," ಅಂದಳು. ಅಗೋ, ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದಾಳೆ. ಇದನ್ನೆಲ್ಲ ಸಭೆಯಲ್ಲಿ ಹೇಳಲೇ ಎಂದು ಮಾತ್ರ ಅವಳನ್ನು ಕೇಳಿಲ್ಲ. ನೋಡಿ, ಮತ್ತೆ ಅದೇ ತಪ್ಪು. ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ. ಹಾರ ಹಾಕಿದವರಿಗೂ ತಾಳ್ಮೆಯಿಂದ ಕೇಳಿದವರಿಗೂ ಕೃತಜ್ಞತೆ ಹೇಳಿ, ಅವಳು ಏಳುವ ಮೊದಲೇ ಮುಗಿಸುತ್ತೇನೆ.

ನಮಸ್ಕಾರ.