ಪಾರ್ಕಿನ ಬೆಳ್ಳಿ ನಾಣ್ಯ

ನೆಲದೊಳಗಿನ ಲೋಹ ಹುಡುಕುವ ಯಂತ್ರಕ್ಕೆ ಇನ್ನೂರು ಪೌಂಡು, ಬ್ಯಾಟರಿಗೆ ಅರವತ್ತು. ಮೂರು ವರ್ಷ ಊರಿನ ಪಾರ್ಕಿನಲ್ಲಿ ಹುಡುಕಿ ಸಿಕ್ಕಿದ್ದು ಬಾಟಲಿ ಮುಚ್ಚಳಗಳ ರಾಶಿ, ಒಂದು ಹಳೆಯ ಬೆಳ್ಳಿ ನಾಣ್ಯ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಒಂದು ಬಸ್ ನಿಲ್ದಾಣದಲ್ಲಿ ಮುದುಕಿ ಮ್ಯಾವಿಸ್ ನೆರೆಮನೆಯ ಕ್ಲಿಫರ್ಡ್‌ಗೆ ಒಪ್ಪಿಸುತ್ತಿದ್ದ ಈ ಲೆಕ್ಕ ಪಕ್ಕದಲ್ಲಿ ನಿಂತವರಿಗೂ ಕೇಳುತ್ತಿತ್ತು.

“ನಾಣ್ಯ ಪಾರ್ಕಿನ ಆಫೀಸಲ್ಲಿ ತೋರಿಸಿದ್ಯಾ?”

“ತೋರಿಸ್ದೆ. ಪಾರ್ಕಲ್ಲಿ ಸಿಕ್ಕಿದ್ದೆಲ್ಲ ಪಾರ್ಕಿಂದೇ, ರಸೀದಿ ಕೊಡೋರು ಇವತ್ತಿಲ್ಲ, ನಾಳೆ ತಂದು ಒಪ್ಪಿಸಿ ಅಂದ್ರು. ಒಂದು ಥ್ಯಾಂಕ್ಸೂ ಇಲ್ಲ.”

“ಒಪ್ಪಿಸಿಬಿಟ್ಟೆ ತಾನೇ?”

“ಒಪ್ಪಿಸ್ದೆ, ಸಿಕ್ಕಿದ ಜಾಗಕ್ಕೇ.”

“ಅಯ್ಯೋ, ವಾಪಸ್ ಹೂತುಬಿಟ್ಯಾ?”

“ಅವರ ಸ್ವತ್ತು ಅವರ ಪಾರ್ಕಲ್ಲೇ ಇದೆಯಪ್ಪ. ಬೇಕಾದ್ರೆ ಅವರೂ ಮಂಡಿಯೂರಿ ಅಗೀಲಿ.”

“ಹೊಸ ಮಣ್ಣು ನೋಡಿ ಕಂಡುಹಿಡೀತಾರೆ ಕಣಮ್ಮ.”

“ಹುಲ್ಲನ್ನ ಬೇರು-ಮಣ್ಣಿನ ಸಮೇತ ಮೂರೇ ಬದಿ ಕೊಯ್ದು, ಪುಸ್ತಕದ ಹಾಳೆ ಥರ ಎತ್ತಿ, ನಾಣ್ಯ ಇಟ್ಟು, ಮತ್ತೆ ಮಗುಚಿ ಮುಚ್ಚಿದೀನಿ. ನನಗೇ ಗುರುತು ಸಿಗಲ್ಲ.”

ಬಸ್ಸು ಬಂತು. ಮ್ಯಾವಿಸ್ ಮೊದಲು ಹತ್ತಿದಳು. ಅವಳಿಗೆ ಸಿಕ್ಕಿದ್ದ ಒಂದೇ ಒಳ್ಳೆಯ ನಾಣ್ಯ ಹೋಗಿತ್ತು. ಕಚೇರಿಯವರಿಗೂ ಅದು ದಕ್ಕಿರಲಿಲ್ಲ.